ಗುಳ್ಳೆ ಏಳದ ಭರಣಿ

ಆರನೆಯ ದಿನ ಬೆಳಗ್ಗೆಯೂ ಭರಣಿಯಲ್ಲಿ ಒಂದೇ ಒಂದು ಗುಳ್ಳೆ ಇರಲಿಲ್ಲ. ಮೇ ತಿಂಗಳು, ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ಸೋದರಮಾವನ ಮನೆ. ಅಡುಗೆಮನೆಯ ಕಿಟಕಿಯ ಕೆಳಗಿಟ್ಟಿದ್ದ ಗಾಜಿನ ಭರಣಿಯ ಬಾಯಿಬಟ್ಟೆ ಬಿಚ್ಚಿ ಮೂಸಿದೆ. ಹಸಿ ಶುಂಠಿಯ ಘಾಟು, ಸಕ್ಕರೆ ನೀರಿನ ಸಪ್ಪೆ ಸಿಹಿ, ಅಷ್ಟೆ. ಹುಳಿ ಇಲ್ಲ, ನೊರೆ ಇಲ್ಲ, ಬೂಷ್ಟಿಲ್ಲ, ಕೆಟ್ಟ ನಾತವೂ ಇಲ್ಲ. ಕೆಟ್ಟದ್ದಾದರೆ ಅದಕ್ಕೊಂದು ವಾಸನೆ ಇರುತ್ತದೆ, ವಾಸನೆ ಹಿಡಿದು ಕಾರಣಕ್ಕೆ ಹೋಗಬಹುದು. ಇದು ಇಟ್ಟ ದಿನ ಹೇಗಿತ್ತೋ ಹಾಗೆಯೇ ಇತ್ತು. ಮೇ ತಿಂಗಳ ಸೆಖೆಯಲ್ಲಿ ತುರಿದ ಶುಂಠಿ, ಸಕ್ಕರೆ, ನೀರು ಆರು ದಿನ ಒಂದೇ ಸ್ಥಿತಿಯಲ್ಲಿ ಉಳಿಯುವುದು ಸಹಜವಲ್ಲ.

ನಾನು ಮಾಡುತ್ತಿದ್ದದ್ದು ಶುಂಠಿ ಬೀರ್. ಹೆಸರಿನಲ್ಲಿ ಬೀರ್ ಇದ್ದರೂ ಇದಕ್ಕೆ ಬಾರ್ಲಿ ಬೇಕಿಲ್ಲ, ಹಾಪ್ಸ್ ಹೂವೂ ಬೇಕಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಮನೆಗಳಲ್ಲಿ ಶುಂಠಿ, ಸಕ್ಕರೆ, ನಿಂಬೆ, ನೀರು ಸೇರಿಸಿ ಹುದುಗಿಸಿ ಕಲ್ಲುಮಣ್ಣಿನ ಬಾಟಲಿಗಳಲ್ಲಿ ತುಂಬುತ್ತಿದ್ದ ಪಾನೀಯ ಇದು. ಮೊದಲು ಒಂದು ಹೆಪ್ಪು ಮಾಡಿಕೊಳ್ಳಬೇಕು. ಎರಡು ಲೋಟ ನೀರಿಗೆ ಸಿಪ್ಪೆ ಸಮೇತ ತುರಿದ ಶುಂಠಿ ಎರಡು ಚಮಚ, ಸಕ್ಕರೆ ಎರಡು ಚಮಚ. ದಿನಕ್ಕೊಮ್ಮೆ ಎರಡನ್ನೂ ಒಂದೊಂದು ಚಮಚ ಹಾಕಿ ತಿರುವುತ್ತ ಹೋದರೆ ಮೂರನೆಯ ದಿನಕ್ಕೆ ಅಂಚಿನಲ್ಲಿ ಸಣ್ಣ ಗುಳ್ಳೆ, ಐದಾರನೆಯ ದಿನಕ್ಕೆ ಸುಯ್ಯೆನ್ನುವ ನೊರೆ. ಆಮೇಲೆ ಶುಂಠಿ ಜಜ್ಜಿ ಕುದಿಸಿದ ಕಷಾಯಕ್ಕೆ ಲೀಟರಿಗೆ 100 ಗ್ರಾಂ ಸಕ್ಕರೆ, ಒಂದು ನಿಂಬೆಹಣ್ಣಿನ ರಸ. ಕೈಗೆ ಉಗುರುಬೆಚ್ಚಗೆ ಆಗುವ ತನಕ ಆರಿಸಿ, ಹೆಪ್ಪನ್ನು ಸೋಸಿ ಅರ್ಧ ಲೋಟ ಬೆರೆಸಿ ಬಾಟಲಿಗೆ ತುಂಬಿದರೆ ಒಂದೆರಡು ದಿನದಲ್ಲಿ ಗುಳ್ಳೆಗಟ್ಟುತ್ತದೆ.

ಹೊರಗಿನಿಂದ ಈಸ್ಟ್ ತಂದು ಹಾಕುವುದಿಲ್ಲ. ಈಸ್ಟು ಶುಂಠಿಯ ಸಿಪ್ಪೆಯ ಮೇಲೆಯೇ ಇರುತ್ತದೆ, ನೆಲದಿಂದ ಬಂದದ್ದು. ಅದಕ್ಕೇ ಸಿಪ್ಪೆ ಹೆರೆಯಬಾರದು. ಶುಂಠಿಗಾಗಿ ಪೇಟೆಗೆ ಹೋಗಬೇಕಾದ ಊರುಗಳೂ ಇವಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬರುವ ದಾರಿಯಲ್ಲಿ ಮೆಕ್ಕೆಜೋಳದ ಹೊಲ ಮುಗಿದಲ್ಲಿ ಶುಂಠಿಯ ಏರುಮಡಿ ಸಿಗುತ್ತದೆ, ಅದು ಮುಗಿದಲ್ಲಿ ಹೊಸದಾಗಿ ಎದ್ದ ಅಡಿಕೆ ಸಸಿ. ಕೇರಳದಿಂದ ಬಂದು ಗದ್ದೆಗಳನ್ನು ವರ್ಷದ ಲೆಕ್ಕದಲ್ಲಿ ಗುತ್ತಿಗೆ ಹಿಡಿದವರಿಂದ ಈ ಬೆಳೆಯ ಆಟ ನೋಡಿ ಕಲಿತ ನಮ್ಮವರು ಈಗ ತಾವೇ ಬೆಳೆಯುತ್ತಾರೆ. ಹಿಮಾಚಲ ಎನ್ನುವ ತಳಿ, ರಿಗೋಡಿ ಎನ್ನುವ ತಳಿ. ರಿಯೊ ಡಿ ಜನೈರೊ ಎಂಬ ಬ್ರೆಜಿಲಿನ ಊರಿನ ಹೆಸರು ಹೊಲದ ಬದುವಿನಲ್ಲಿ ಬಾಯಿಂದ ಬಾಯಿಗೆ ಸವೆದು ರಿಗೋಡಿ ಆಗಿದೆ. 2023ರಲ್ಲಿ 60 ಕಿಲೋ ಚೀಲದ ಬೆಲೆ ಹತ್ತು ಸಾವಿರ ರೂಪಾಯಿ ದಾಟಿ ಹೋದಾಗ ಹೊಲದಲ್ಲಿ ರಾತ್ರಿ ಕಾವಲು ಕೂತವರನ್ನು ಕಂಡಿದ್ದೇನೆ. ಬೆಲೆ ನೆಲ ಕಚ್ಚಿದ ವರ್ಷಗಳಲ್ಲಿ ಕಿತ್ತ ಕೂಲಿಯೂ ಹುಟ್ಟದೆ ಮಣ್ಣಿನಲ್ಲೇ ಬಿಟ್ಟದ್ದನ್ನೂ ಕಂಡಿದ್ದೇನೆ. ಅಂಥ ಒಂದು ವರ್ಷ, ಬಿಟ್ಟ ಶುಂಠಿಯನ್ನು ಏನು ಮಾಡಬಹುದು ಎಂದು ಯೋಚಿಸುತ್ತಲೇ ನಾನು ಈ ಕೆಲಸಕ್ಕೆ ಕೈಹಾಕಿದ್ದು.

ನನ್ನ ಪೆಚ್ಚುಮುಖ ನೋಡಿ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. ಭರಣಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ದೋಸೆ ಹಿಟ್ಟು ಉಬ್ಬದೇ ಹೋದ್ರೆ ನಾವು ಹಿಟ್ಟಿಗೆ ಬೈತಾ ಕೂರಲ್ಲ ಮಗಾ. ನೀರು ಯಾವ್ದು, ಚಳಿ ಎಷ್ಟಿತ್ತು, ಬೇಳೆ ಹಳೇದಾ, ಪಾತ್ರೆಗೆ ಸೋಪು ಉಳಿದಿತ್ತಾ ಅಂತ ಒಂದೊಂದೇ ಕೇಳ್ತಾ ಬರ್ತೀವಿ. ನೀನೂ ಕೇಳು."

ಆ ಮಾತು ನನ್ನೊಳಗೆ ನಾಟಿತು. ಅಷ್ಟು ದಿನ ಗ್ರಾಂ, ಡಿಗ್ರಿ, ಗಂಟೆ ಎಂದು ಬರೆದಿಟ್ಟುಕೊಂಡ ನನ್ನ ಪುಸ್ತಕದಲ್ಲಿ ಇರಲಾರದಷ್ಟು ಕ್ರಮ ಅದರಲ್ಲಿತ್ತು. ಹುದುಗಿಸುವ ವಿದ್ಯೆ ಮಲೆನಾಡಿನ ಅಡುಗೆಮನೆಗೆ ಹೊಸದಲ್ಲ. ಹಿಟ್ಟು, ಮಜ್ಜಿಗೆ, ಉಪ್ಪುನೀರಿನಲ್ಲಿ ಹಾಕಿದ ಅಪ್ಪೆಮಿಡಿ, ಎಲ್ಲ ಕಡೆಯೂ ಕಾಣದ ಜೀವಿಗಳಿಗೆ ಉಣ್ಣಲಿಕ್ಕೆ ಕೊಟ್ಟು ಅವುಗಳ ಕೈಲಿ ಕೆಲಸ ಮಾಡಿಸುವುದೇ ಇರುವುದು. ಶುಂಠಿ ಬೀರ್ ಕೆಟ್ಟಾಗ ಕೇಳಬೇಕಾದ ಪ್ರಶ್ನೆಗಳೂ ಅವೇ.

ಮೊದಲು ನೀರು. ಶಿಕಾರಿಪುರದಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ನಲ್ಲಿ ನೀರಿಗೆ ಕೆಲವು ದಿನ ಕ್ಲೋರಿನ್ ಘಾಟು ಮೂಗಿಗೆ ಹೊಡೆಯುತ್ತಿತ್ತು. ಕ್ರಿಮಿ ಕೊಲ್ಲಲೆಂದು ಹಾಕಿದ್ದು ನಮ್ಮ ಈಸ್ಟನ್ನೂ ಬಿಡುವುದಿಲ್ಲ. ಕುದಿಸಿ ಆರಿಸಿದರೆ, ಇಲ್ಲವೇ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಮಾವನ ಮನೆಯಲ್ಲಿ ಬಾವಿಯ ನೀರು. ಆ ಅನುಮಾನ ಅಲ್ಲಿಗೆ ಮುಗಿಯಿತು.

ಎರಡನೆಯದು ಕಾವು. ಒಂದು ಆಷಾಢದಲ್ಲಿ ಇದೇ ಮನೆಯಲ್ಲಿ ಇಟ್ಟ ಹೆಪ್ಪು ಎಂಟು ದಿನವಾದರೂ ಮಲಗಿಯೇ ಇತ್ತು. ಗೋಡೆ ಬೆವರುವ ಮಳೆಗಾಲ, ಒಳಗೆ ಇಪ್ಪತ್ತು ಡಿಗ್ರಿ ಆಸುಪಾಸು. ಅತ್ತೆ ಹಿಟ್ಟಿನ ಪಾತ್ರೆಗೆ ಮಾಡುವ ಹಾಗೆ ಗೋಣಿ ಸುತ್ತಿ ಬಚ್ಚಲೊಲೆಯ ಪಕ್ಕ ಇಟ್ಟದ್ದೇ ತಡ, ಮರುದಿನ ಸಂಜೆಗೆ ಎದ್ದಿತು. ಈಗ ಮೇ ತಿಂಗಳು, ಒಳಗೂ ಮೂವತ್ತು. ಚಳಿಯ ದೂರು ನಿಲ್ಲುವುದಿಲ್ಲ.

ಸಿಹಿಯ ಪ್ರಶ್ನೆ ನನಗೆ ಹೆಚ್ಚು ಪಾಠ ಹೇಳಿದ್ದು. ಹಿಂದೊಮ್ಮೆ ಸಕ್ಕರೆಯ ಬದಲು ಪೇಟೆಯಿಂದ ತಂದ, ಬಂಗಾರದ ಬಣ್ಣದ ಅಚ್ಚುಬೆಲ್ಲ ಹಾಕಿದ್ದೆ. ಹೆಪ್ಪು ಅರೆಮನಸ್ಸಿನಲ್ಲಿ ಎರಡು ಗುಳ್ಳೆ ಬಿಟ್ಟು ಸುಮ್ಮನಾಯಿತು. ಬೆಲ್ಲಕ್ಕೆ ಆ ಹೊಂಬಣ್ಣ ಬರಿಸಲು ಕೆಲವು ಕಡೆ ಸೋಡಿಯಂ ಹೈಡ್ರೋಸಲ್ಫೈಟ್ ಹಾಕುತ್ತಾರೆ, ಆಲೆಮನೆಯವರ ಬಾಯಲ್ಲಿ ಅದು ಹೈಡ್ರೋಸ್. ಅದರಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಅಂಶ ಈಸ್ಟನ್ನು ತಡೆಯುತ್ತದೆ. ಮುಂದಿನ ಸಲ ನಮ್ಮ ಕಡೆಯ ಆಲೆಮನೆಯಿಂದ ಕಪ್ಪನೆಯ ಜೋನಿಬೆಲ್ಲ ತಂದೆ. ಗುಳ್ಳೆ ಎದ್ದಿತು, ಆದರೆ ಬಾಟಲಿಯಿಂದ ಬಗ್ಗಿಸಿದಾಗ ಲೋಳೆಸರದ ಹಾಗೆ ಎಳೆಎಳೆಯಾಗಿ ಇಳಿಯಿತು. ಹೊಟ್ಟೆ ತೊಳಸುವ ನೋಟ. ಆ ಎಳೆಯನ್ನು ನೇಯುವುದು ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಕಬ್ಬಿನ ಗಾಣದಲ್ಲಿ ಹಾಲು ಲೋಳೆಗಟ್ಟುವುದೂ ಅದರಿಂದಲೇ. ನನಗೆ ಸೋಜಿಗವಾದದ್ದು ಬೇರೆಯದು. ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲಿ ಮುಖ್ಯ ಪಾತ್ರ ಇದೇ ಲ್ಯೂಕೊನೊಸ್ಟಾಕ್‌ನದು ಎಂದು ವಿಜ್ಞಾನಿಗಳು 1965ರಲ್ಲಿ ತೋರಿಸಿಕೊಟ್ಟಿದ್ದರು. ಒಂದು ಪಾತ್ರೆಯಲ್ಲಿ ಬೇಕಾದವನು ಇನ್ನೊಂದರಲ್ಲಿ ಬೇಡದವನು. ಈಗ ಬೆಲ್ಲ ಹಾಕುವುದಾದರೆ ಕಷಾಯದ ಜೊತೆಗೇ ಚೆನ್ನಾಗಿ ಕುದಿಸುತ್ತೇನೆ, ಹೆಪ್ಪಿಗೆ ಮಾತ್ರ ಬಿಳಿ ಸಕ್ಕರೆ. ಈ ಭರಣಿಗೂ ಬಿದ್ದದ್ದು ಬಿಳಿ ಸಕ್ಕರೆಯೇ.

ಬಾಟಲಿಯ ಕಥೆಯನ್ನು ಇಲ್ಲಿ ಹೇಳಿಯೇ ಮುಂದೆ ಹೋಗಬೇಕು, ಏಕೆಂದರೆ ಉಳಿದ ತಪ್ಪುಗಳಿಗೆ ಹೋಗುವುದು ಒಂದಿಷ್ಟು ಸಕ್ಕರೆ, ಇದಕ್ಕೆ ಹೋಗುವುದು ಕಣ್ಣು. ನಾನು ಮೊದಲ ಸಲ ತುಂಬಿದ್ದು ಖಾಲಿ ಜೇನುತುಪ್ಪದ ಬಾಟಲಿಗಳಿಗೆ. ಶಿಕಾರಿಪುರದ ಏಪ್ರಿಲ್ ಸೆಖೆ. ಮೂರನೆಯ ರಾತ್ರಿ ಪಟಾಕಿ ಸಿಡಿದ ಸದ್ದಿಗೆ ಎದ್ದು ಓಡಿದರೆ ಅಡುಗೆಮನೆಯ ಬಾಗಿಲ ಹಲಗೆಯಲ್ಲಿ ಗಾಜಿನ ಚೂರು ನಾಟಿಕೊಂಡಿತ್ತು. ಯಾರೂ ಒಳಗಿರಲಿಲ್ಲ. ಇದ್ದಿದ್ದರೆ ಎಂಬುದನ್ನು ಇಂದಿಗೂ ಪೂರ್ತಿ ಯೋಚಿಸಲಾರೆ.

ಲೆಕ್ಕ ಸರಳ. ಒಂದು ಲೀಟರಿನಲ್ಲಿ 4 ಗ್ರಾಂ ಸಕ್ಕರೆಯನ್ನು ಈಸ್ಟ್ ತಿಂದು ಮುಗಿಸಿದರೆ ಸುಮಾರು 2 ಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಗಾತ್ರದಲ್ಲಿ ಹೇಳುವುದಾದರೆ ಸುಮಾರು ಒಂದು ಲೀಟರ್ ಅನಿಲ. ಅಂಗಡಿಯ ಸೋಡಾದಲ್ಲಿ ಲೀಟರಿಗೆ ಮೂರರಿಂದ ನಾಲ್ಕು ಲೀಟರ್ ಅನಿಲ ಕರಗಿರುತ್ತದೆ. ನಾವು ಹಾಕುವ ಸಕ್ಕರೆ 100 ಗ್ರಾಂ. ಅಷ್ಟೂ ಹುದುಗಿದರೆ 25 ಲೀಟರ್ ಅನಿಲ ಒಂದೇ ಬಾಟಲಿಯೊಳಗೆ. ಜಾಮ್, ಜೇನು, ಸಾಸ್ ತುಂಬುವ ಗಾಜು ಇದರ ಹತ್ತಿರಕ್ಕೂ ನಿಲ್ಲುವುದಿಲ್ಲ. ಜಾತ್ರೆಯಲ್ಲಿ ಕುಡಿಯುತ್ತಿದ್ದ ಗೋಲಿ ಸೋಡಾ ಬಾಟಲಿ ಕೈಗೆ ಅಷ್ಟು ಭಾರವಿರುತ್ತಿದ್ದದ್ದು ಇದಕ್ಕೇ. ಹೈರಮ್ ಕಾಡ್ ಎಂಬ ಇಂಗ್ಲೆಂಡಿನವನು 1872ರಲ್ಲಿ ಹಕ್ಕುಪತ್ರ ಪಡೆದ ಆ ಬಾಟಲಿಯಲ್ಲಿ ಒಳಗಿನ ಒತ್ತಡವೇ ಗೋಲಿಯನ್ನು ಮೇಲಿನ ರಬ್ಬರ್ ಬಳೆಗೆ ಒತ್ತಿ ಬಾಯಿ ಮುಚ್ಚುತ್ತದೆ; ಗಾಜು ದಪ್ಪವಿಲ್ಲದಿದ್ದರೆ ಆ ಉಪಾಯ ನಡೆಯುವುದಿಲ್ಲ.

ಅಂದಿನಿಂದ ನಾನು ತುಂಬುವುದು ಸೋಡಾ, ಕೋಲಾ ಬಂದ ಪ್ಲಾಸ್ಟಿಕ್ ಬಾಟಲಿಗಳಿಗೆ ಮಾತ್ರ. ನೀರಿನ ಬಾಟಲಿ ಬೇಡ, ಅದು ತೆಳು. ನಾಲ್ಕು ಬೆರಳು ಜಾಗ ಬಿಟ್ಟು ತುಂಬಿ, ಬೆಳಿಗ್ಗೆ ಸಂಜೆ ಒತ್ತಿ ನೋಡುತ್ತೇನೆ. ಒತ್ತಿದರೆ ಒಳಗೆ ಹೋಗದಷ್ಟು ಗಟ್ಟಿಯಾದ ತಕ್ಷಣ ಫ್ರಿಜ್ಜಿಗೆ. ಬೇಸಿಗೆಯಲ್ಲಿ ಇದು ಒಂದೇ ದಿನದಲ್ಲಿ ಆಗಬಹುದು. ಫ್ರಿಜ್ಜಿನಲ್ಲಿ ಈಸ್ಟ್ ಸಾಯುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ವಾರದೊಳಗೆ ಕುಡಿದು ಮುಗಿಸಬೇಕು, ಕರೆಂಟು ಹೋಗಿ ಎರಡು ದಿನ ಬಾರದಿದ್ದರೆ ಮುಚ್ಚಳ ಸಡಿಲಿಸಬೇಕು.

ಬೇಗ ನಿಲ್ಲಿಸಲು ಇನ್ನೊಂದು ಕಾರಣವೂ ಇದೆ. ಅನಿಲ ಹುಟ್ಟುವಲ್ಲಿ ಮದ್ಯಾಂಶವೂ ಹುಟ್ಟುತ್ತದೆ, ಒಂದನ್ನು ಬಿಟ್ಟು ಇನ್ನೊಂದಿಲ್ಲ. ಲೀಟರಿನಲ್ಲಿ 8 ಗ್ರಾಂ ಸಕ್ಕರೆ ಹುದುಗುವಷ್ಟರಲ್ಲಿ ಮದ್ಯಾಂಶ ಶೇಕಡ 0.5ರ ಹತ್ತಿರ ಬಂದಿರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಂತೆ ಅದನ್ನು ಮೀರಿದ್ದು ಮದ್ಯಪಾನೀಯ. ಪರವಾನಗಿ ಇಲ್ಲದೆ ಮನೆಯಲ್ಲಿ ಬಾರ್ಲಿ ಬೀರ್ ಆಗಲಿ ಬೇರೆ ಮದ್ಯವಾಗಲಿ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ನಾಲಿಗೆಗೆ ಚುರುಕೆನಿಸುವಷ್ಟು ಗುಳ್ಳೆ ಬಂದರೆ ನನಗೆ ಸಾಕು. ಮಕ್ಕಳಿಗೆ, ಬಸುರಿಯರಿಗೆ, ವ್ರತ ಹಿಡಿದವರಿಗೆ ಇದನ್ನು ಕೊಡುವುದಿಲ್ಲ; ಒಳಗೇನಿದೆ ಎಂದು ಹೇಳದೆ ಯಾರ ಕೈಗೂ ಲೋಟ ಇಡುವುದಿಲ್ಲ. ಕುಡಿದರೆ ಕಣ್ಣು ಹೋಗುತ್ತದಂತಲ್ಲ ಎಂದು ಹೆದರಿ ಕೇಳುವವರು ಇದ್ದಾರೆ. ಆ ಹೆದರಿಕೆ 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿಯಂಥ ದುರಂತಗಳಿಂದ ಬಂದದ್ದು. ಅಂಥ ಕಡೆ ಜೀವ ತೆಗೆಯುವುದು ಹೊರಗಿನಿಂದ ಬೆರೆಸಿದ ಮಿಥೈಲ್ ಆಲ್ಕೋಹಾಲ್. ಸಕ್ಕರೆ, ಶುಂಠಿ ಒಂದೆರಡು ದಿನ ಹುದುಗಿದರೆ ಅದು ಅಪಾಯದ ಮಟ್ಟಕ್ಕೆ ಹುಟ್ಟುವುದಿಲ್ಲ.

ಇನ್ನು ಹೆಪ್ಪು ಹುಳಿಯಾಗಿ ವಿನಿಗರ್ ನಾತ ಬಂದರೆ ಗಾಳಿ, ಹಣ್ಣುನೊಣ ಎರಡರಲ್ಲೊಂದು ಒಳಹೊಕ್ಕಿದೆ ಎಂದರ್ಥ, ಬಟ್ಟೆ ಬಿಗಿಯಾಗಿರಬೇಕು. ಮೊಟ್ಟೆ ಕೊಳೆತ ವಾಸನೆ ಬಂದರೆ ಈಸ್ಟಿಗೆ ಬರೀ ಸಕ್ಕರೆ ಉಣಿಸಿ ಸೊರಗಿಸಿದ್ದೇವೆ ಎಂದರ್ಥ. ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ತೆಗೆದು ಎಸೆದು ಮುಂದುವರಿಯಬಹುದು. ಹಸಿರು, ಕಪ್ಪು, ಗುಲಾಬಿ ಬಣ್ಣದಲ್ಲಿ ತುಪ್ಪಳವಿರುವ ಬೂಷ್ಟು ಬಂದರೆ ಇಡೀ ಭರಣಿ ಗೊಬ್ಬರದ ಗುಂಡಿಗೆ. ಆ ಮಾತಿನಲ್ಲಿ ರಾಜಿ ಇಲ್ಲ.

ನಮ್ಮ ಭರಣಿಯಲ್ಲಿ ಇದೊಂದೂ ಇರಲಿಲ್ಲ. ನೀರು, ಕಾವು, ಸಿಹಿ, ಪಾತ್ರೆ, ಎಲ್ಲ ಕೇಳಿ ಮುಗಿದಿತ್ತು. ಹೀಗೆ ಕೆಟ್ಟ ಪಾತ್ರೆಯ ಮುಂದೆ ಕೂತವರಲ್ಲಿ ಲೂಯಿ ಪಾಶ್ಚರ್ ಕೂಡ ಒಬ್ಬ. 1856ರಲ್ಲಿ ಫ್ರಾನ್ಸಿನ ಲೀಲ್ ಊರಿನಲ್ಲಿ ಬೀಟ್‌ರೂಟ್ ರಸದಿಂದ ಮದ್ಯಸಾರ ತೆಗೆಯುತ್ತಿದ್ದ ಬಿಗೊ ಎಂಬ ಉದ್ಯಮಿಯ ತೊಟ್ಟಿಗಳು ಹುಳಿಯಾಗಿ ಹೋಗುತ್ತಿದ್ದವು. ಅವನ ಮಗ ಪಾಶ್ಚರನ ವಿದ್ಯಾರ್ಥಿ. ಪಾಶ್ಚರ್ ಒಳ್ಳೆಯ ತೊಟ್ಟಿಯ ಹನಿಯನ್ನೂ ಕೆಟ್ಟ ತೊಟ್ಟಿಯ ಹನಿಯನ್ನೂ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಒಂದರಲ್ಲಿ ಗುಂಡಗಿನ ಈಸ್ಟ್, ಇನ್ನೊಂದರಲ್ಲಿ ಕಡ್ಡಿಯಂಥ ಜೀವಿಗಳು. 1892ರಲ್ಲಿ ಶುಂಠಿ ಬೀರಿನ ಹೆಪ್ಪನ್ನೇ ಬಿಡಿಸಿ ನೋಡಿ, ಅದು ಒಂದು ಈಸ್ಟೂ ಒಂದು ಬ್ಯಾಕ್ಟೀರಿಯಾವೂ ಕೂಡಿ ಬಾಳುವ ಸಂಸಾರ ಎಂದು ಬರೆದವನು ಹ್ಯಾರಿ ಮಾರ್ಷಲ್ ವಾರ್ಡ್. ಅದಕ್ಕೂ ಮೊದಲು, 1880ರಿಂದ ಎರಡು ವರ್ಷ, ಸಿಲೋನಿನ ಕಾಫಿ ತೋಟಗಳನ್ನು ನುಂಗಿದ ಎಲೆ ತುಕ್ಕುರೋಗದ ಬೆನ್ನು ಹತ್ತಿದ್ದವನೂ ಅವನೇ. ನಮ್ಮ ಕಾಫಿ ಬೆಳೆಗಾರರು ಇಂದಿಗೂ ಹೆಣಗುತ್ತಿರುವ ರೋಗ ಅದು. ಬೆಳೆಯ ಮೇಲಿನ ಶಿಲೀಂಧ್ರವನ್ನೂ ಬಾಟಲಿಯೊಳಗಿನ ಶಿಲೀಂಧ್ರವನ್ನೂ ಒಬ್ಬನೇ ನೋಡಿದ್ದ. ನನಗೆ ಬೇಕಾಗಿದ್ದ ಉತ್ತರ ಈ ಎರಡರ ನಡುವೆಯೇ ಇತ್ತು, ಆದರೆ ಹೊಳೆಯಲಿಲ್ಲ.

ಮಧ್ಯಾಹ್ನ ಮಾವನ ಮಗ ಶುಂಠಿ ಹೊಲದಿಂದ ಬಂದ. ಕೈಕಾಲು ತೊಳೆದು ಬಂದವನು ಭರಣಿ ನೋಡಿ ಕೇಳಿದ:

"ಭಾವ, ಶುಂಠಿ ಎಲ್ಲಿಂದ ತಗಂಡ್ರಿ?"

"ಕೊಟ್ಟಿಗೆ ಪಕ್ಕದ ಮೂಲೆಯಲ್ಲಿ ಅರ್ಧ ಚೀಲ ಇತ್ತಲ್ಲ."

ಅವನ ಮುಖದ ಬಣ್ಣ ಇಳಿಯಿತು. "ಅಯ್ಯೋ, ಅದು ಬಿತ್ತನೆ ಉಳಿದಿದ್ದು! ಔಷಧಿ ನೀರಲ್ಲಿ ಅದ್ದಿದ್ದು! ಯಾರಾದ್ರೂ ಕುಡಿದ್ರಾ?"

ಯಾರೂ ಕುಡಿದಿರಲಿಲ್ಲ. ಅತ್ತೆ ಮೂಸಿದ್ದರು, ನಾನು ಮೂಸಿದ್ದೆ. ಅವನು ಮೂರು ಸಲ ಅದನ್ನೇ ಕೇಳಿ ಆಮೇಲೆ ಜಗಲಿಯಲ್ಲಿ ಕೂತ.

ಏಪ್ರಿಲ್, ಮೇ ಶುಂಠಿ ಬಿತ್ತನೆಯ ಕಾಲ. ಎಕರೆಗೆ ಸುಮಾರು ಹತ್ತು ಚೀಲ ಗೆಡ್ಡೆ ಬೇಕು. ಮಳೆ ಹಿಡಿದ ಮೇಲೆ ಬುಡ ನೀರುಗಟ್ಟಿ ಕರಗಿಹೋಗುವ ಕೊಳೆ ರೋಗಕ್ಕೆ ಹೆದರಿ ಗೆಡ್ಡೆಯನ್ನು ನೆಲಕ್ಕೆ ಹಾಕುವ ಮೊದಲು ಮ್ಯಾಂಕೋಜೆಬ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ ನೆರಳಲ್ಲಿ ಆರಿಸುತ್ತಾರೆ. ಲೀಟರಿಗೆ 3 ಗ್ರಾಂ. ಕೀಟಕ್ಕೆಂದು ಅದರ ಜೊತೆಗೇ ಕ್ವಿನಾಲ್‌ಫಾಸ್ ಸೇರಿಸುವುದೂ ಇದೆ. ಮ್ಯಾಂಕೋಜೆಬ್ ಶಿಲೀಂಧ್ರನಾಶಕ; ಈಸ್ಟ್ ಕೂಡ ಶಿಲೀಂಧ್ರವೇ. ಸಿಪ್ಪೆಯ ಮೇಲೆ ಈಸ್ಟ್ ಇರುತ್ತದೆಂದು ಸಿಪ್ಪೆ ಸಮೇತ ತುರಿದು ಹಾಕಿದೆನಲ್ಲ, ಆ ಸಿಪ್ಪೆಯ ಮೇಲೆಯೇ ಔಷಧಿ ಕೂತಿತ್ತು. ಗೆಡ್ಡೆಯ ಮೇಲೆ ಹಳದಿ ಧೂಳಿನಂಥದ್ದು ಕಂಡಿದ್ದು ನಿಜ. ಹೊಲದ ಮಣ್ಣು ಎಂದುಕೊಂಡಿದ್ದೆ.

ತೊಳೆದರೆ ಸಾಕಿತ್ತಲ್ಲವೇ, ಕುದಿಸಿದರೆ ಹೋಗುತ್ತಿತ್ತಲ್ಲವೇ ಎಂದು ಆಮೇಲೆ ಕೆಲವರು ಕೇಳಿದರು. ಇಲ್ಲ. ಗೆಡ್ಡೆಯ ಮಡಿಕೆಗಳಲ್ಲಿ ಕೂತದ್ದು ತೊಳೆದರೆ ಪೂರ್ತಿ ಬಿಡುವುದಿಲ್ಲ. ಮ್ಯಾಂಕೋಜೆಬ್ ಬಿಸಿಗೆ ಒಡೆದಾಗ ಎಥಿಲೀನ್ ಥಯೋಯೂರಿಯಾ ಎಂಬ, ಥೈರಾಯ್ಡ್ ಗ್ರಂಥಿಗೆ ಕೆಡುಕು ಮಾಡುವ ವಸ್ತು ಹುಟ್ಟುತ್ತದೆ. ಅದ್ದಿದ ಬಿತ್ತನೆ ಶುಂಠಿ ತಿನ್ನಲಿಕ್ಕಲ್ಲ, ದನಕ್ಕೆ ಹಾಕಲಿಕ್ಕೂ ಅಲ್ಲ. ಇದನ್ನು ಬೆಳೆಯುವವರೆಲ್ಲ ಬಲ್ಲರು. ಆದರೆ ಅದೇ ಮನೆಗೆ ನೆಂಟರಾಗಿ ಬಂದವರು, ಕೂಲಿಗೆ ಬಂದು ಸಂಜೆ ಸಾರಿಗೆಂದು ಒಂದು ತುಂಡು ಒಯ್ಯುವವರು ಬಲ್ಲರೇ? ಬಿತ್ತನೆ ಉಳಿದ ಮನೆಗಳಲ್ಲಿ ಆ ಚೀಲ ಎಲ್ಲಿರುತ್ತದೆ ಎಂದು ನಾನು ಅಂದಿನಿಂದ ಕಂಡಕಂಡಲ್ಲಿ ಕೇಳುತ್ತೇನೆ. ಗುಳ್ಳೆ ಏಳದ ಆ ಭರಣಿ ಆರು ದಿನವೂ ಹೇಳುತ್ತಿದ್ದದ್ದು ಇದನ್ನೇ. ಹುದುಗದೆ ನಿಂತದ್ದನ್ನು ನಾನು ಕೆಲಸ ಕೆಟ್ಟಿತು ಎಂದು ಓದಿದೆ. ಅತ್ತೆ ಕೇಳಿಸದೇ ಹೋಗಿದ್ದರೆ ಸಕ್ಕರೆ ಇನ್ನೆರಡು ಚಮಚ ಸುರಿದು, ಅಂಗಡಿಯಿಂದ ಈಸ್ಟ್ ತಂದು ಹಾಕಿ, ಹೇಗಾದರೂ ಎಬ್ಬಿಸಲು ನೋಡುತ್ತಿದ್ದೆನೇನೋ.

ಭರಣಿಯನ್ನು ಬಾವಿಯಿಂದ ದೂರ, ದನ ಹೋಗದ ಕಡೆ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದೆವು. ತುರಿಮಣೆಯನ್ನೂ ಅತ್ತೆ ಮತ್ತೆ ಒಳಗೆ ತರಲಿಲ್ಲ. ಆ ವರ್ಷ ಹಿತ್ತಲಲ್ಲಿ, ಬಚ್ಚಲ ನೀರು ಹರಿಯದ ಎತ್ತರದ ಜಾಗದಲ್ಲಿ, ಅದ್ದದ ನಾಲ್ಕು ಗೆಡ್ಡೆ ಊರಿದರು. ಒಂದು ಗುಣಿ ಮಳೆಗಾಲದಲ್ಲಿ ಕೊಳೆತುಹೋಯಿತು. ಉಳಿದ ಮೂರನ್ನು ಜನವರಿಯಲ್ಲಿ ಕಿತ್ತು, ಮಣ್ಣು ಕೊಡವಿ, ಬಾವಿ ನೀರಲ್ಲಿ ಒಂದೇ ಸಲ ತೊಳೆದು ನನಗೆ ಕಳಿಸಿದರು. ಶಿಕಾರಿಪುರದ ಮನೆಯಲ್ಲಿ ಎರಡನೆಯ ದಿನವೇ ಭರಣಿಯ ಅಂಚಿಗೆ ಗುಳ್ಳೆ ಸಾಲುಗಟ್ಟಿತು. ಫೋನು ಮಾಡಿ ಭರಣಿಯ ಬಾಯಿಗೇ ಹಿಡಿದೆ. ಸುಯ್ಯೆನ್ನುವ ಸದ್ದು ಆ ಕಡೆ ಕೇಳಿತೋ ಇಲ್ಲವೋ, ಅತ್ತೆ ಮಾತ್ರ ಬಾಟಲಿ ಯಾವುದು ಎಂದು ಮೊದಲು ಕೇಳಿದರು.

ಕೊಟ್ಟಿಗೆಯ ಪಕ್ಕದ ಮೂಲೆ ಈಗ ಖಾಲಿ. ಅದ್ದಿದ ಬಿತ್ತನೆ ಉಳಿದರೆ ಚೀಲದ ಬಾಯಿಗೆ ಕೆಂಪು ಬಟ್ಟೆ ಕಟ್ಟಿ, ಔಷಧಿ ಪಂಪು ಇಡುವ ಕೋಣೆಯ ಮೊಳೆಗೆ ನೇತುಹಾಕುತ್ತಾರೆ.